ಕೂಸಿನ ಡೈಪರ್ ಮತ್ತು ಪರಿಸರ: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಅವ್ವಂದಿರು, ಅತ್ತೆಯರು, ಆಗೀಗ ಕೂಸಿನ ಅಪ್ಪಂದಿರು ಎದುರಿಗೆ, ಫೋನಿನಲ್ಲಿ, ಪತ್ರದಲ್ಲಿ ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಹೊಸಬರ ಪ್ರಶ್ನೆಗಳಿವೆ. ಆಮೇಲೆ ಚರ್ಮ, ಒಗೆಯುವುದು, ಖರೀದಿ, ಕಸ, ಲೆಕ್ಕಾಚಾರ ಬರುತ್ತವೆ. ನಿಮಗೆ ಬೇಕಾದ ಉತ್ತರವೊಂದನ್ನೇ ಓದಿಕೊಂಡರೂ ಸಾಕು.

## ಮೊದಲ ಸಲ ಕೇಳುವವರಿಗೆ

ಪರಿಸರಕ್ಕ ಒಳ್ಳೇದು ಅನ್ನೋ ಡೈಪರ್ ಯಾವ್ದರೀ? ಹೆಸರು ಹೇಳ್ರಿ, ತರಸ್ತೀವಿ.

ಇಂಥದ್ದೇ ಕಂಪನಿ ಎಂದು ಒಂದು ಹೆಸರು ಹೇಳಲು ಬರುವುದಿಲ್ಲ. ಅದೇ ಡೈಪರ್ ಒಂದು ಮನೆಗೆ ಒಳ್ಳೆಯದಾಗಿ ಇನ್ನೊಂದು ಮನೆಗೆ ಆಗದೇ ಇರಬಹುದು. ನಿಮ್ಮ ಮನೆಗೆ ನೀರು ಎಷ್ಟು ಬರುತ್ತದೆ, ಒಗೆಯುವವರು ಯಾರು, ನಿಮ್ಮೂರಿನ ಕಸ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಆದರೂ ನಮ್ಮ ಮೂರೂ ಜಿಲ್ಲೆಗಳ ಬಹುಪಾಲು ಮನೆಗಳಿಗೆ ಹೊಂದುವ ದಾರಿ ಒಂದಿದೆ. ಹಗಲು ಮನೆಯಲ್ಲಿದ್ದಾಗ ಹತ್ತಿ ಬಟ್ಟೆ, ರಾತ್ರಿಗೆ ಮತ್ತು ಪ್ರಯಾಣಕ್ಕೆ ಮಾತ್ರ ಅಂಗಡಿಯ ಡೈಪರ್. ದಿನಕ್ಕೆ ಆರು ಡೈಪರ್ ಬಳಸುವ ಮನೆಯವರು ಎರಡಕ್ಕೆ ಇಳಿಸಿದರೆ ಕಸದ ಮೂರರಲ್ಲಿ ಎರಡು ಪಾಲು ಅಲ್ಲೇ ಕಡಿಮೆಯಾಯಿತು. ಹಸಿರು ಎಲೆಯ ಚಿತ್ರವಿರುವ ಎಷ್ಟೇ ದುಬಾರಿ ಪ್ಯಾಕ್ ತಂದರೂ ಇಷ್ಟು ಲಾಭವಿಲ್ಲ. ಪೂರ್ತಿ ಬಿಡಲು ಆಗಲಿಲ್ಲವೆಂದು ಯಾವ ತಾಯಿಯೂ ಮನಸ್ಸಿಗೆ ಹಚ್ಚಿಕೊಳ್ಳುವ ಅಗತ್ಯವಿಲ್ಲ.

ಅಂಗಡಿ ಡೈಪರ್ ಒಳಗ ಏನಿರ್ತದ? ಹತ್ತಿ ಅಂತಾರಲ್ಲ?

ಬಹುತೇಕ ಡೈಪರ್‌ಗಳಲ್ಲಿ ಹತ್ತಿ ಇರುವುದಿಲ್ಲ. ಹೊಸದೊಂದನ್ನು ಪೇಪರಿನ ಮೇಲೆ ಹಾಸಿ ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡಿ. ಮೈಗೆ ತಾಗುವ ಮೆತ್ತನೆಯ ಪದರ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಒಳಗೆ ಹತ್ತಿಯಂತೆ ಕಾಣುವ ಬಿಳಿ ನಾರು ಮರದ ತಿರುಳು. ಅದನ್ನು ಕೊಡವಿದರೆ ಸಕ್ಕರೆಯಂಥ ಸಣ್ಣ ಹರಳು ಪೇಪರಿಗೆ ಉದುರುತ್ತವೆ. ಅದು ಸೋಡಿಯಂ ಪಾಲಿಅಕ್ರಿಲೇಟ್. ಅದರ ಮೇಲೆ ಅರ್ಧ ಲೋಟ ನೀರು ಸುರಿದರೆ ಕಣ್ಣೆದುರೇ ಉಬ್ಬಿ ಜೆಲ್ಲಿಯಾಗುತ್ತದೆ, ಬೆರಳಿನಿಂದ ಒತ್ತಿದರೂ ನೀರು ಬಿಡುವುದಿಲ್ಲ. 1980ರ ದಶಕದಲ್ಲಿ ಈ ಹರಳು ಡೈಪರ್‌ಗೆ ಬಂದ ಮೇಲೆಯೇ ಅವು ಇಷ್ಟು ತೆಳ್ಳಗಾದದ್ದು. ಹೊರಗಿನ ಹಾಳೆ ಪಾಲಿಎಥಿಲೀನ್. ಇಷ್ಟರ ಮೇಲೆ ಇಲಾಸ್ಟಿಕ್, ಗಮ್ಮು, ಅಂಟುಪಟ್ಟಿ.

ಮರದ ತಿರುಳೊಂದೇ ಮಣ್ಣಲ್ಲಿ ಕೊಳೆಯುವ ವಸ್ತು. ಉಳಿದವೆಲ್ಲ ಅದರ ಜೊತೆ ಗಟ್ಟಿಯಾಗಿ ಅಂಟಿರುವುದರಿಂದ ಗುಜರಿಯವರೂ ಇದನ್ನು ಮುಟ್ಟುವುದಿಲ್ಲ.

ನಮ್ಮತ್ತಿ ಅಂತಾರ, ಡೈಪರ್ ಹಾಕಿದ್ರ ಕೂಸಿನ ಕಾಲು ಸೊಟ್ಟ ಆಗ್ತಾವಂತ. ಖರೇ ಏನ್ರಿ?

ಖರೆ ಅಲ್ಲ. ಹುಟ್ಟಿದ ಕೂಸಿನ ಕಾಲು ಸಹಜವಾಗಿಯೇ ಸ್ವಲ್ಪ ಬಾಗಿರುತ್ತವೆ. ನಡೆಯಲು ಕಲಿತು, ಒಂದೂವರೆ–ಎರಡು ವರ್ಷದ ಹೊತ್ತಿಗೆ ತಾನಾಗಿಯೇ ನೆಟ್ಟಗಾಗುತ್ತವೆ. ಬಟ್ಟೆ ದಪ್ಪಗಿದ್ದು ತೊಡೆ ಅಗಲವಾಗಿದ್ದರೆ ಸೊಂಟದ ಕೀಲಿಗೆ ಒಳ್ಳೆಯದೇ. ಹುಷಾರಾಗಿರಬೇಕಾದದ್ದು ಎರಡೂ ಕಾಲು ನೆಟ್ಟಗೆ ಎಳೆದು ಜೋಡಿಸಿ ಬಿಗಿಯಾಗಿ ಸುತ್ತುವಾಗ. ಹಾಗೆ ಸುತ್ತಿದರೆ ಸೊಂಟದ ಕೀಲು ಸರಿಯುವ ಅಪಾಯವಿದೆ. ಸುತ್ತಿದರೂ ಕಾಲಾಡಿಸಲು ಜಾಗ ಬಿಡಿ. ಅತ್ತೆಯವರಿಗೆ ಇದನ್ನು ಸಮಾಧಾನದಿಂದ ಹೇಳಿ. ಅವರು ಕೂಸಿನ ಮೇಲಿನ ಪ್ರೀತಿಗೇ ಹೇಳಿದ್ದು.

ಈಗ ಅರಿವಿ ಡೈಪರ್‌ನಾಗ ಬಾಳ ನಮೂನಿ ಬಂದಾವ. ಯಾವ್ದು ತಗೋಬೇಕು?

ಸರಳದಿಂದ ಶುರುಮಾಡಿ. ದಾರ ಕಟ್ಟುವ ತ್ರಿಕೋನದ ಲಂಗೋಟಿ ಎಲ್ಲಕ್ಕಿಂತ ಅಗ್ಗ, ಬೇಗ ಒಣಗುತ್ತದೆ, ಕುದಿಸಬಹುದು. ಅದರ ಕೊರತೆ ಒಂದೇ, ಉಚ್ಚೆ ಹೊಯ್ದ ಕೂಡಲೇ ಹಾಸಿಗೆಯೂ ನೆನೆಯುತ್ತದೆ. ಎರಡನೆಯದು ಮಡಚಿದ ಹತ್ತಿ ಬಟ್ಟೆ, ಅದರ ಮೇಲೆ ನೀರು ಸೋರದ ಕವರ್. ಕೂಸು ಬರೀ ಉಚ್ಚೆ ಹೊಯ್ದಿದ್ದರೆ ಒಳಗಿನ ಬಟ್ಟೆ ಬದಲಿಸಿ ಕವರನ್ನು ಒರೆಸಿ ಮತ್ತೆ ಹಾಕಬಹುದು. ಮೂರನೆಯದು ಜೇಬಿನಂಥ ಡೈಪರ್, ಒಳಗೆ ಪ್ಯಾಡ್ ತೂರಿಸುವುದು. ಹಾಕಲು ಸುಲಭ, ಅಪ್ಪಂದಿರೂ ಅಂಜದೆ ಹಾಕುತ್ತಾರೆ.

ನಮ್ಮ ಬಿಸಿಲು, ನಮ್ಮ ನೀರಿನ ಅಭಾವಕ್ಕೆ ಎರಡನೆಯದೇ ಸರಿಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಒಳಗಿನ ಬಟ್ಟೆಗೆ ಅಂಗಡಿಗೆ ಹೋಗುವುದೇ ಬೇಡ. ಅಜ್ಜನ ಹಳೆ ಧೋತರ, ಅವ್ವನ ಹಳೆ ಹತ್ತಿ ಸೀರೆ ಹತ್ತಾರು ಸಲ ಒಗೆದು ಮೆತ್ತಗಾಗಿರುತ್ತದೆ, ಹೊಸ ಬಟ್ಟೆಗಿಂತ ಚೆನ್ನಾಗಿ ನೀರು ಹೀರುತ್ತದೆ. ಪಾಲಿಸ್ಟರ್ ಮಿಶ್ರಣದ್ದು ಬೇಡ. ಅಂಗಡಿಯ ಪ್ಯಾಡ್ ಮೈಕ್ರೋಫೈಬರ್‌ನದ್ದಾದರೆ ಅದನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ, ಚರ್ಮದ ತೇವವನ್ನೂ ಎಳೆದುಕೊಂಡು ಒಣಗಿಸುತ್ತದೆ.

ಒಟ್ಟು ಎಷ್ಟು ಇಟ್ಕೋಬೇಕು?

ಎಳೆ ಕೂಸು ದಿನಕ್ಕೆ ಹತ್ತು–ಹನ್ನೆರಡು ಸಲ ಒದ್ದೆ ಮಾಡುತ್ತದೆ. ದಿನಾ ಒಗೆಯುವುದಾದರೆ 24 ಬಟ್ಟೆ, 4 ಕವರ್ ಸಾಕು. ನಳದಲ್ಲಿ ನಾಲ್ಕೈದು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ ಬಟ್ಟೆ 36ರವರೆಗೆ ಇರಲಿ. ಒಮ್ಮೆಗೇ ಎಲ್ಲ ಕೊಳ್ಳದೆ ಎರಡು ಕವರ್ ತಂದು ಒಂದು ವಾರ ಹಾಕಿ ನೋಡಿ. ತೊಡೆಸಂದಿಯಲ್ಲಿ ಸೋರುತ್ತದೆಯೋ, ಇಲಾಸ್ಟಿಕ್ ಕೆಂಪು ಗೆರೆ ಮೂಡಿಸುತ್ತದೆಯೋ ನಿಮಗೇ ತಿಳಿಯುತ್ತದೆ.

ಅರಿವಿ ಕಟ್ಟಿದ್ರ ಕೂಸು ಸಾಕಷ್ಟು ಉಚ್ಚಿ ಹೊಯ್ತದೋ ಇಲ್ಲೋ ತಿಳೀತದೇನು?

ಅಂಗಡಿ ಡೈಪರ್‌ಗಿಂತ ಚೆನ್ನಾಗಿ ತಿಳಿಯುತ್ತದೆ. ಹುಟ್ಟಿ ಒಂದು ವಾರ ಕಳೆದ ಮೇಲೆ 24 ತಾಸಿನಲ್ಲಿ ಕನಿಷ್ಠ ಆರು ಸಲ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದರ್ಥ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಸೆಕೆಗೆ ಎಳೆ ಕೂಸಿನ ಮೈಯ ನೀರು ಬೇಗ ಇಳಿಯುತ್ತದೆ. ಉಚ್ಚೆ ಕಡಿಮೆಯಾಗಿ, ಹಳದಿ ಗಾಢವಾಗಿ, ಕೂಸು ಮಂಕಾದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ. ಎಲ್ಲವನ್ನೂ ಹೀರಿ ಒಣಗಿದಂತೆ ಕಾಣುವ ಡೈಪರ್ ಒಳಗೆ ಈ ಬದಲಾವಣೆ ಕಣ್ಣಿಗೆ ಬೀಳುವುದು ತಡ.

## ಚರ್ಮದ ಕಾಳಜಿ

ಬ್ಯಾಸಗ್ಯಾಗ ಡೈಪರ್ ಹಾಕಿದ್ರ ಕೂಸಿನ ತೊಡಿ ಕೆಂಪಗಾಗ್ತದ. ಏನ್ ಮಾಡ್ಲಿ?

ಎಷ್ಟು ಹೊತ್ತಿಗೆ ಬದಲಿಸುತ್ತೀರಿ ಎಂಬುದನ್ನು ಮೊದಲು ನೋಡಿ. "12 ತಾಸು ಒಣ" ಎಂದು ಪ್ಯಾಕ್ ಮೇಲೆ ಬರೆದಿದೆ ಎಂದು 12 ತಾಸು ಹಾಕಬಾರದು. ಹಗಲಲ್ಲಿ ಬಟ್ಟೆಯಾಗಲಿ ಡೈಪರ್ ಆಗಲಿ ಎರಡು–ಮೂರು ತಾಸಿಗೊಮ್ಮೆ ಬದಲಿಸಿ, ಕಕ್ಕ ಮಾಡಿದ್ದರೆ ಆಗಿಂದಾಗಲೇ. ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕೂಸನ್ನು ಕೌದಿಯ ಮೇಲೆ ಬರಿಮೈಯಲ್ಲಿ ಮಲಗಿಸುವ ರೂಢಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಕೆಂಪಾದ ಜಾಗಕ್ಕೆ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಬಹುದು. ಬಟ್ಟೆಗೆ ಆ ಜಿಡ್ಡು ಹತ್ತಿದರೆ ನೀರು ಹೀರುವುದಿಲ್ಲ, ಆದ್ದರಿಂದ ನಡುವೆ ಒಂದು ತೆಳು ಬಟ್ಟೆ ಹಾಸಿ. ಸಂದಿಯೊಳಗೆ ಕಡುಕೆಂಪಾಗಿ, ಸುತ್ತ ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಅದು ಫಂಗಸ್ ಇರಬಹುದು. ಮೂರು ದಿನದಲ್ಲಿ ಇಳಿಯದಿದ್ದರೂ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯವರು ಕೈಗೆ ಕೊಡುವ, ಸ್ಟೀರಾಯ್ಡ್ ಬೆರೆಸಿದ ಕ್ರೀಮನ್ನು ಮಾತ್ರ ದಯವಿಟ್ಟು ಹಚ್ಚಬೇಡಿ. ಎರಡು ದಿನ ಇಳಿದಂತೆ ಕಂಡು ಆಮೇಲೆ ಕೂಸಿನ ಚರ್ಮವನ್ನೇ ತೆಳುವಾಗಿಸುತ್ತದೆ.

ಪೌಡರ್ ಹಾಕಬಹುದಾ?

ಬೇಡ. ಹಾರಿದ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ, ಬೆವರಿಗೆ ಮುದ್ದೆಯಾಗಿ ಸಂದಿಯಲ್ಲಿ ಕೂರುತ್ತದೆ.

## ಒಗೆಯುವುದು, ಒಣಗಿಸುವುದು

ಕುಡಿಯಾಕ ನೀರಿಲ್ಲ, ಡೈಪರ್ ಎಲ್ಲಿ ಒಗೀಲಿ? ಇದು ಪರಿಸರ ಹ್ಯಾಂಗಾಗ್ತೈತಿ?

ನ್ಯಾಯವಾದ ಪ್ರಶ್ನೆ. ಕಾಲುವೆಗೆ ನೀರು ನಿಂತ ಮೇಲೆ ಕೆರೆಯ ತಳ ಕಾಣುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೈಯಿಂದ ಒಗೆದರೆ ಒಂದು ದಿನದ ಬಟ್ಟೆಗೆ ಮೂರು–ನಾಲ್ಕು ಬಕೆಟ್, ಅಂದರೆ 60 ಲೀಟರಿನ ಆಸುಪಾಸು ಬೇಕು. ಟ್ಯಾಂಕರ್ ನೀರು ಕೊಳ್ಳುವ ತಿಂಗಳಲ್ಲಿ ಒಂದೆರಡು ಡೈಪರ್ ಹೆಚ್ಚು ಬಳಸಿದರೆ ತಪ್ಪಿಲ್ಲ. ಮಳೆ ಬಂದ ಮೇಲೆ ಬಟ್ಟೆಗೆ ಮರಳಿ.

ನೀರು ಉಳಿಸುವ ಕ್ರಮವೂ ಇದೆ. ಕಕ್ಕವನ್ನು ಮೊದಲು ಸಂಡಾಸಿಗೆ ಕೆಡವಿ, ಒಂದು ಚೊಂಬು ನೀರಿನಲ್ಲಿ ಜಾಲಿಸಿ. ಉಚ್ಚೆಯ ಬಟ್ಟೆಗಳನ್ನು ನೆನೆಹಾಕದೆ ಮುಚ್ಚಳವಿಲ್ಲದ ಬುಟ್ಟಿಯಲ್ಲಿ ಒಣದಾಗಿಯೇ ಇಡಿ. ದಿನಕ್ಕೊಮ್ಮೆ ಎಲ್ಲವನ್ನೂ ಸೇರಿಸಿ ಒಗೆಯಿರಿ. ಕೊನೆಯ ಜಾಲಿಸಿದ ನೀರನ್ನು ಮರುದಿನ ಮೊದಲ ಜಾಲಿಸಲು ಇಟ್ಟುಕೊಳ್ಳಿ, ಇಲ್ಲವೇ ಬೇವಿನ ಗಿಡಕ್ಕೆ, ದಾಸವಾಳಕ್ಕೆ ಹಾಕಿ. ಮೊದಲ ಸಲದ ಹೊಲಸು ನೀರು ಮಾತ್ರ ಸಂಡಾಸಿಗೇ ಹೋಗಬೇಕು, ಕೊತ್ತಂಬರಿ, ಮೆಂತ್ಯದ ಮಡಿಗೆ ಹಾಕಬಾರದು.

ನಮ್ಮದು ಬೋರಿನ ಸವಳು ನೀರು. ಒಗೆದ ಬಟ್ಟಿ ಹಪ್ಪಳದಂಗ ಬಿರುಸಾಗ್ತಾವ.

ಆ ನೀರಿನ ಸುಣ್ಣದ ಅಂಶ ಸಾಬೂನಿನ ಜೊತೆ ಸೇರಿ ನಾರಿಗೆ ಪದರವಾಗಿ ಕಚ್ಚಿಕೊಳ್ಳುತ್ತದೆ. ಬಟ್ಟೆ ಬಿರುಸಾಗುತ್ತದೆ, ನೀರು ಹೀರುವುದಿಲ್ಲ, ನಾಲ್ಕು ದಿನಕ್ಕೆ ಅಮೋನಿಯಾ ವಾಸನೆ ಹೊಡೆಯುತ್ತದೆ. ಬಾರ್ ಸಾಬೂನಿನ ಬದಲು ವಾಸನೆ ಕಡಿಮೆಯಿರುವ ಡಿಟರ್ಜೆಂಟ್ ಪುಡಿ ಬಳಸಿ, ಜೊತೆಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ. ಸೋಡಾ ಹಾಕಿದಾಗ ಚೆನ್ನಾಗಿ ಜಾಲಿಸಲೇಬೇಕು. ಕೊನೆಯ ಜಾಲಿಕೆಗಾದರೂ ನಳದ ಸಿಹಿ ನೀರು ಎತ್ತಿಡಿ. ಮೆತ್ತಗಾಗಲೆಂದು ಕಂಫರ್ಟ್‌ನಂಥದ್ದು ಹಾಕಬೇಡಿ, ಅದೂ ಇನ್ನೊಂದು ಜಿಡ್ಡಿನ ಪದರವೇ. ಒಣಗಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕೊಡವಿ, ಉಜ್ಜಿದರೆ ಅರ್ಧ ಬಿರುಸು ಹೋಗುತ್ತದೆ.

ಡೆಟಾಲ್ ಹಾಕ್ಲಾ, ಕುದಸ್ಲಾ?

ದಿನಾ ಡೆಟಾಲ್ ಬೇಕಾಗಿಲ್ಲ, ಉಳಿದರೆ ಎಳೆಚರ್ಮಕ್ಕೆ ಉರಿಯುತ್ತದೆ. ಹತ್ತಿ ಬಟ್ಟೆಯನ್ನು ವಾರಕ್ಕೊಮ್ಮೆ, ಕೂಸಿಗೆ ಭೇದಿಯಾದಾಗ ತಪ್ಪದೆ, ಬಿಸಿನೀರಿನಲ್ಲಿ ಕುದಿಸಬಹುದು. ಕವರನ್ನು ಕುದಿಸಬಾರದು. ಅದು ಪಾಲಿಸ್ಟರ್ ಬಟ್ಟೆಗೆ ಪಾಲಿಯುರೆಥೇನ್ ಪದರ ಅಂಟಿಸಿದ್ದು, ಕುದಿಸಿದರೆ ಪದರ ಬಿಡುತ್ತದೆ. ಇದೇ ಕಾರಣಕ್ಕೆ ಕವರನ್ನು ಮೇ ತಿಂಗಳ ಮಾಳಿಗೆಯ ಬಿಸಿಲಿಗೂ ಹಾಕದೆ ನೆರಳಲ್ಲಿ ಒಣಗಿಸಿ. ಹತ್ತಿ ಬಟ್ಟೆಗೆ ಮಾತ್ರ ಬಿಸಿಲು ಎಷ್ಟು ಬಿದ್ದರೂ ಒಳ್ಳೆಯದೇ. ಕಲೆ ತಾನಾಗಿ ತಿಳಿಯಾಗುತ್ತದೆ, ಕ್ರಿಮಿಯೂ ಸಾಯುತ್ತದೆ.

ಮಾಳಿಗಿ ಮ್ಯಾಲ ಒಣಹಾಕಿದ್ರ ಫ್ಯಾಕ್ಟರಿ ಕರಿ ಧೂಳು ಕೂಡ್ತೈತಿ. ಅದನ್ನ ಕೂಸಿಗೆ ಹ್ಯಾಂಗ ಕಟ್ಟೂದು?

ಕೊಪ್ಪಳದ ಗಿಣಿಗೇರಿ ಸುತ್ತಿನವರು, ಸಂಡೂರಿನ ಗಣಿ ರಸ್ತೆಯವರು ಇಬ್ಬರೂ ಇದನ್ನು ಕೇಳುತ್ತಾರೆ. ಒಂದು ಕಡೆ ಕಪ್ಪು ಮಸಿ, ಇನ್ನೊಂದು ಕಡೆ ಕೆಂಪು ಧೂಳು. ತಾಯಂದಿರು ಬಟ್ಟೆ ಒಣಗಿಸಲೂ ಯೋಚಿಸಬೇಕಾದ ಸ್ಥಿತಿ ಬಂದಿರುವುದು ಅನ್ಯಾಯವೇ. ಗಾಳಿ ಬೀಸುವ ದಿಕ್ಕಿಗೆ ಗೋಡೆಯ ಮರೆ ಇರುವಲ್ಲಿ ದಾರ ಕಟ್ಟಿ, ಮೇಲೆ ಹಳೆ ಸೊಳ್ಳೆಪರದೆ ಇಳಿಬಿಡಿ. ನಮ್ಮ ಬಿಸಿಲಿಗೆ ತೆಳು ಹತ್ತಿ ಬಟ್ಟೆ ಬೇಗ ಒಣಗುತ್ತದೆ, ಆದ್ದರಿಂದ ಸಂಜೆವರೆಗೆ ಬಿಡದೆ ಒಣಗಿದ ಕೂಡಲೇ ತೆಗೆಯಿರಿ. ಒಳಗೇ ಒಣಗಿಸಿದ್ದರೆ, ಮಳೆಗಾಲದಲ್ಲಿಯೂ ಸಹ, ಕಟ್ಟುವ ಮುಂಚೆ ಒಮ್ಮೆ ಬಿಸಿ ಇಸ್ತ್ರಿ ಆಡಿಸಿದರೆ ಸಾಕು.

ನಾನs ಒಗೀಬೇಕು ಅಂದ್ರ ಯಾಕ ಬೇಕ್ರಿ ಈ ಪರಿಸರ?

ಈ ಪ್ರಶ್ನೆ ಕೇಳಿದವಳು ಸಿಸೇರಿಯನ್ ಆದ ಬಾಣಂತಿ. ಅವಳ ಮಾತಿಗೆ ನಾನು ತಲೆಬಾಗುತ್ತೇನೆ. ಪ್ಲಾಸ್ಟಿಕ್ ಕಡಿಮೆ ಮಾಡುವ ಭಾರವನ್ನೆಲ್ಲ ನಿದ್ದೆಗೆಟ್ಟ ತಾಯಿಯ ತಲೆಗೆ ಹೊರಿಸಿದರೆ ಅದು ಹೆಚ್ಚು ದಿನ ನಡೆಯುವುದೂ ಇಲ್ಲ, ನಡೆಯಲೂಬಾರದು. ಬಟ್ಟೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮುಂಚೆ ಯಾರು ಒಗೆಯುತ್ತಾರೆಂದು ಮನೆಯಲ್ಲಿ ಕೂತು ಮಾತಾಡಿ. ಸಂಡಾಸಿಗೆ ಕೆಡವಿ ಜಾಲಿಸುವುದು ಕೂಸಿನ ಅಪ್ಪನ ಕೆಲಸವಾಗಲಿ. ಅದಕ್ಕೆ ವಿದ್ಯೆ ಬೇಕಿಲ್ಲ. ಮಷಿನ್ ಇರುವವರು ಜಾಲಿಸಿದ ಬಟ್ಟೆಯನ್ನು ಅದಕ್ಕೇ ಹಾಕಿ, ಸೆಮಿ ಆಟೋಮ್ಯಾಟಿಕ್ ಆದರೂ ನಡೆಯುತ್ತದೆ. ಮನೆಗೆಲಸದವರಿಂದ ಒಗೆಸುವುದಾದರೆ ಈ ಕೆಲಸಕ್ಕೆ ಬೇರೆಯೇ ಹಣ ಕೊಡಿ. ಹೊಲಿಗೆ ಮಾಗುವವರೆಗೆ, ಯಾರೂ ಕೈಗೂಡಿಸದಿದ್ದರೆ, ಡೈಪರ್ ಹಾಕಿ. ಮೂರನೇ ತಿಂಗಳಿಂದ ಬಟ್ಟೆ ಶುರುಮಾಡಿದರೂ ಮುಂದೆ ಒಂದೂವರೆ ವರ್ಷ ಇದ್ದೇ ಇದೆ.

## ಖರೀದಿಯ ಮುಂಚೆ

"ಬಯೋಡಿಗ್ರೇಡಬಲ್" ಅಂತ ಬರದಿರ್ತದ. ತಿಪ್ಪಿಗೆ ಹಾಕಿದ್ರ ಕೊಳೀತದೇನು?

ತಿಪ್ಪೆಗೆ ಹಾಕಬೇಡಿ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಪ್ರಮಾಣೀಕರಿಸಿದ ವಸ್ತು ಕೂಡ ಕೊಳೆಯುವುದು ದೊಡ್ಡ ಕಾಂಪೋಸ್ಟ್ ಘಟಕದಲ್ಲಿ, ಹಲವು ವಾರ ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿ ಹಿಡಿದಿಟ್ಟಾಗ. ಹೊಲದ ಬದುವಿನ ತಿಪ್ಪೆಯಲ್ಲಿ ಆ ಬಿಸಿ ಅಷ್ಟು ದಿನ ನಿಲ್ಲುವುದಿಲ್ಲ. ಅದರ ಮೇಲೆ, ಹೆಚ್ಚಿನ ಇಂಥ ಡೈಪರ್‌ಗಳಲ್ಲಿ ಕೊಳೆಯುವುದು ಒಂದೆರಡು ಪದರ ಮಾತ್ರ. ಜೆಲ್ಲಿ, ಇಲಾಸ್ಟಿಕ್, ಅಂಟು ಹಾಗೇ ಉಳಿದು ಗೊಬ್ಬರದ ಜೊತೆ ನಿಮ್ಮ ಹೊಲ ಸೇರುತ್ತವೆ.

ಪ್ಯಾಕ್ ಮೇಲಿನ ಮಾತಿಗೆ ಪುರಾವೆ ಕೇಳುವ ಹಕ್ಕು ನಿಮಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ತಂದ ಮಾರ್ಗಸೂಚಿಯಂತೆ "ಪರಿಸರಸ್ನೇಹಿ", "ಹಸಿರು" ಎಂದು ಸುಮ್ಮನೆ ಬರೆಯುವಂತಿಲ್ಲ, ಆಧಾರ ತೋರಿಸಬೇಕು. ಎಷ್ಟು ಪಾಲು ಕೊಳೆಯುತ್ತದೆ, ಎಂಥ ಸ್ಥಿತಿಯಲ್ಲಿ, ಎಷ್ಟು ದಿನಕ್ಕೆ ಎಂದು ಬರೆದಿಲ್ಲದಿದ್ದರೆ ಹೆಚ್ಚಿನ ಬೆಲೆ ತೆರಬೇಡಿ.

ಬಿದಿರಿನ ಡೈಪರ್ ಚಲೋ ಅಂತಾರ?

ಬಿದಿರು ಬೇಗ ಬೆಳೆಯುವ ಗಿಡ, ಅದು ನಿಜ. ಆದರೆ "ಬಿದಿರು ಬಟ್ಟೆ" ಎಂದು ಮಾರುವುದು ಬಹುಪಾಲು ವಿಸ್ಕೋಸ್. ಬಿದಿರಿನ ತಿರುಳನ್ನು ಕಾರ್ಬನ್ ಡೈಸಲ್ಫೈಡ್‌ನಂಥ ವಿಷಕಾರಿ ರಾಸಾಯನಿಕದಲ್ಲಿ ಕರಗಿಸಿ ನೂಲು ತೆಗೆದದ್ದು. ಮೆತ್ತಗಿರುತ್ತದೆ, ಚೆನ್ನಾಗಿ ಹೀರುತ್ತದೆ, ಒಣಗಲು ಹತ್ತಿಗಿಂತ ಹೆಚ್ಚು ಹೊತ್ತು ಬೇಕು. ಹತ್ತಿಯ ಮಾರುಕಟ್ಟೆಗೆ ಹೆಸರಾದ ರಾಯಚೂರಿನಲ್ಲಿ ಕೂತು ಇದಕ್ಕೆ ದುಪ್ಪಟ್ಟು ಕೊಡುವ ಕಾರಣ ನನಗೆ ಕಾಣುವುದಿಲ್ಲ.

ಬಳ್ಳಾರಿ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಪೀಸ್ ಬಾಳ ಸಿಗ್ತಾವೆ. ಅದ್ರಾಗ ಹೊಲಿಸಬೋದಾ?

ಮೈಗೆ ತಾಗುವ ಪದರಕ್ಕೆ ಬೇಡ. ಡೆನಿಮ್ ಒತ್ತಾದ ನೇಯ್ಗೆ, ಬೇಗ ಹೀರುವುದಿಲ್ಲ, ನೀಲಿ ಬಣ್ಣ ಬಿಡುತ್ತದೆ, ಹೊಲಿಗೆಯ ಅಂಚು ತೊಡೆ ಕೆರೆಯುತ್ತದೆ. ಬನಿಯನ್ ಬಟ್ಟೆಯ ತುಂಡು ಸಿಕ್ಕರೆ ಬಿಡಬೇಡಿ. ನಾಲ್ಕು ಪದರ ಮಡಚಿ ಸುತ್ತ ಒಂದು ಹೊಲಿಗೆ ಹಾಕಿದರೆ ಒಳ್ಳೆಯ ಪ್ಯಾಡ್ ಆಯಿತು. ಜೀನ್ಸ್ ತುಂಡಿನಿಂದ ಒದ್ದೆ ಬಟ್ಟೆ ಇಟ್ಟುಕೊಳ್ಳುವ ಚೀಲ ಹೊಲಿಸಿ, ವರ್ಷಗಟ್ಟಲೆ ಬಾಳುತ್ತದೆ.

ಅಂಗಡಿದು ತರೋದೇ ಆದ್ರ ಏನ್ ನೋಡಿ ತರಬೇಕು?

ಸುವಾಸನೆ ಮತ್ತು ಲೋಷನ್ ಹಾಕಿಲ್ಲದ್ದು, ಮರದ ತಿರುಳನ್ನು ಕ್ಲೋರಿನ್ ಇಲ್ಲದೆ ಬಿಳಿ ಮಾಡಿದ್ದು ನೋಡಿ. ಫ್ರಾನ್ಸ್ ಸರ್ಕಾರದ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ 2019ರ ಜನವರಿಯಲ್ಲಿ ಡೈಪರ್‌ಗಳಲ್ಲಿನ ರಾಸಾಯನಿಕಗಳ ಬಗ್ಗೆ ವರದಿ ಕೊಟ್ಟಾಗ ಸುವಾಸನೆಯ ವಸ್ತುಗಳನ್ನು ಕೈಬಿಡಿ ಎಂದು ಕಂಪನಿಗಳಿಗೆ ಹೇಳಿತ್ತು. ಕೂಸಿಗೆ ಸುವಾಸನೆಯಿಂದ ಏನೂ ಆಗಬೇಕಾದ್ದಿಲ್ಲ. ಜೆಲ್ಲಿ ಹೊರಗೆ ಬಂದರೆ ಗಾಬರಿ ಬೇಡ, ನೀರಿನಲ್ಲಿ ತೊಳೆಯಿರಿ, ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

## ಕಸ

ಬಳಸಿದ ಡೈಪರ್ ಎಲ್ಲಿ ಹಾಕ್ಬೇಕು? ನಮ್ಮೋರು ಕಾಲುವಿಗೆ ಒಗೀತಾರ.

ಕಾಲುವೆಗೆ ಖಂಡಿತ ಬೇಡ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳು ಸಿಂಧನೂರು, ಮಾನ್ವಿ ಕಡೆ ಸಾಲಾಗಿವೆ. ಗಂಗಾವತಿಯಲ್ಲಿ ಒಗೆದದ್ದು ಕೆಳಗಿನ ಕೂಸಿನ ಲೋಟಕ್ಕೆ ಬರುತ್ತದೆ.

ಮಾಡಬೇಕಾದ್ದು ಹೀಗೆ: ಕಕ್ಕವನ್ನು ಸಂಡಾಸಿಗೆ ಕೆಡವಿ. ಡೈಪರನ್ನು ಒಳಮುಖವಾಗಿ ಸುತ್ತಿ, ಅದರದ್ದೇ ಪಟ್ಟಿ ಅಂಟಿಸಿ, ಹಳೆ ಪೇಪರಿನಲ್ಲಿ ಕಟ್ಟಿ. ಮೇಲೆ ಕೆಂಪು ಪೆನ್ನಿನಿಂದ ದೊಡ್ಡ ಗುರುತು ಹಾಕಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಕಸದ ಗಾಡಿಗೆ ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೀಗೆ ಸುತ್ತಿ ಕೊಡಬೇಕೆಂದು ಹೇಳಿದ್ದವು, ಸುತ್ತುವ ಚೀಲವನ್ನು ಕಂಪನಿಯೇ ಪ್ಯಾಕ್ ಜೊತೆ ಕೊಡಬೇಕೆಂದೂ ಹೇಳಿದ್ದವು. ಪೌರಕಾರ್ಮಿಕರು ಕೈಯಿಂದ ಕಸ ಬಿಡಿಸುವಾಗ ನಿಮ್ಮ ಗುರುತು ಅವರನ್ನು ಹೊಲಸಿನಿಂದ ಕಾಪಾಡುತ್ತದೆ. ಸಂಡಾಸಿನೊಳಗೆ ಡೈಪರ್ ಹಾಕಿದರೆ ಜೆಲ್ಲಿ ಉಬ್ಬಿ ಪೈಪು ಕಟ್ಟುತ್ತದೆ, ಅದನ್ನು ತೆಗೆಯಲು ಮತ್ತೆ ಒಬ್ಬ ಮನುಷ್ಯನೇ ಬರಬೇಕು.

ಕಸದ ಗಾಡಿ ನಮ್ಮೂರಿಗೆ ಬರಲ್ಲ. ಸುಟ್ಟುಬಿಟ್ರ?

ಉಚ್ಚೆ ತುಂಬಿದ ಡೈಪರ್ ಸರಿಯಾಗಿ ಉರಿಯುವುದೇ ಇಲ್ಲ, ಹೊಗೆಯಾಡುತ್ತದೆ. ಆ ಪ್ಲಾಸ್ಟಿಕ್ ಹೊಗೆ ಅಂಗಳದಲ್ಲಿ ಆಡುವ ಕೂಸಿಗೇ ಮೊದಲು ತಾಗುತ್ತದೆ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ನಿಷೇಧಿಸಿ 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿದೆ. ನಾಯಿ, ಹಂದಿ ಎಳೆಯದಂತೆ ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು, ವಾರಕ್ಕೊಮ್ಮೆ ಗಾಡಿ ಬರುವ ಊರಿಗೆ ಒಯ್ದು ಕೊಡುವುದೊಂದೇ ಸದ್ಯದ ದಾರಿ. ಪಂಚಾಯಿತಿಯ ಕಸದ ಗಾಡಿಯಾದ ಸ್ವಚ್ಛ ವಾಹಿನಿಗಾಗಿ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳೇ ಎದ್ದು ಕೇಳಿ. ಗಾಡಿ ಇಲ್ಲದ ಊರಿನಲ್ಲಿ ಬಟ್ಟೆಯ ಪರವಾಗಿ ವಾದವೇ ಬೇಕಿಲ್ಲ.

## ಲೆಕ್ಕ ಹಾಕುವವರಿಗೆ

ದುಡ್ಡು ಎಷ್ಟು ಉಳೀತದ?

ಒಂದು ಡೈಪರ್‌ಗೆ ಹತ್ತು ರೂಪಾಯಿ ಹಿಡಿದರೆ ದಿನಕ್ಕೆ ಆರರಂತೆ ವರ್ಷಕ್ಕೆ 21,900 ರೂಪಾಯಿ. ಎರಡಕ್ಕೆ ಇಳಿಸಿದರೆ 7,300. ನಾಲ್ಕು ಕವರ್‌ಗೆ ಎರಡು ಸಾವಿರದ ಆಸುಪಾಸು ಹೋಗುತ್ತದೆ, ಸಾಬೂನು ಬೇರೆ. ಹಳೆ ಸೀರೆ, ಧೋತರವಾದರೆ ಒಳಬಟ್ಟೆಗೆ ಖರ್ಚಿಲ್ಲ.

ಒಗೆಯೋ ನೀರು, ಕರೆಂಟು ಸೇರಿಸಿದ್ರೆ ಎರಡೂ ಒಂದೇ ಅಂತ ಓದಿದ್ದೆ. ಹೌದಾ?

ಆ ಮಾತಿಗೆ ಮೂಲ ಬ್ರಿಟನ್ನಿನ ಪರಿಸರ ಇಲಾಖೆಯ 2008ರ ಅಧ್ಯಯನ. ಎರಡೂವರೆ ವರ್ಷಕ್ಕೆ ಅಂಗಡಿ ಡೈಪರ್‌ನಿಂದ ಸುಮಾರು 550 ಕಿಲೋ, ಸರಾಸರಿ ಬಟ್ಟೆ ಡೈಪರ್‌ನಿಂದ ಸುಮಾರು 570 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಎಂದು ಅದು ಲೆಕ್ಕಹಾಕಿತ್ತು. ಅದೇ ವರದಿಯ ಮುಂದಿನ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಷಿನ್ ತುಂಬ ಹಾಕಿ ಒಗೆದು, ದಾರದ ಮೇಲೆ ಒಣಗಿಸಿ, ಎರಡನೇ ಕೂಸಿಗೂ ಅದನ್ನೇ ಬಳಸಿದರೆ ಬಟ್ಟೆಯ ಪಾಲು ಸುಮಾರು 200 ಕಿಲೋ ಇಳಿಯುತ್ತದೆ. ಅಲ್ಲಿಯವರ ಲೆಕ್ಕ ಏರುವುದು ಬಿಸಿನೀರಿನ ಮಷಿನ್ ಮತ್ತು ಕರೆಂಟಿನ ಡ್ರೈಯರ್‌ನಿಂದ. ನಮ್ಮಲ್ಲಿ ಒಣಗಿಸುವುದು ಸೂರ್ಯ, ಒಗೆಯುವುದು ಬಹುಪಾಲು ತಣ್ಣೀರಿನಲ್ಲಿ, ತಂಗಿಯ ಕೂಸಿಗೆ ಅಕ್ಕನ ಕೂಸಿನ ಬಟ್ಟೆ ಹೋಗುವುದು ರೂಢಿ. 2023ರಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಹೊಸ ಲೆಕ್ಕದಲ್ಲಂತೂ ಬಟ್ಟೆಯ ಇಂಗಾಲದ ಪಾಲು ಶೇಕಡಾ 25ರಷ್ಟು ಕಡಿಮೆಯೇ ಬಂದಿದೆ. ನಮ್ಮ ಕಡೆ ತೂಗಬೇಕಾದದ್ದು ನೀರನ್ನು, ಕರೆಂಟನ್ನಲ್ಲ.

ಕೆಲಸಕ್ಕ ಹೋಗ್ತೀನಿ, ಕೂಸನ್ನ ಕೂಸಿನ ಮನೆಗೆ ಬಿಡ್ತೀನಿ. ಅಲ್ಲಿ ಅರಿವಿ ನಡೀತದೇನು?

ಕೂಸಿನ ಮನೆ, ಅಂದರೆ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರದಲ್ಲಿ, ನೋಡಿಕೊಳ್ಳುವ ಅಕ್ಕನವರನ್ನು ಮೊದಲೇ ಕೇಳಿ. ಒದ್ದೆ ಬಟ್ಟೆ ಹಾಕಿಡಲು ಒಂದು ಚೀಲ, ಆರು ಒಣ ಬಟ್ಟೆ, ಎರಡು ಕವರ್ ಕಟ್ಟಿಕೊಟ್ಟು, ಒಗೆಯುವುದೇನೂ ಬೇಡ, ಬದಲಿಸಿದರೆ ಸಾಕು ಎಂದು ಹೇಳಿ. ಅವರಿಗೆ ಹತ್ತು ಮಕ್ಕಳಿದ್ದು ಕೈ ಸಾಲದಿದ್ದರೆ ಅಲ್ಲಿಗೆ ಡೈಪರ್, ಮನೆಯಲ್ಲಿ ಬಟ್ಟೆ.

ಡೈಪರ್ ಬಿಡಸೋದು ಯಾವಾಗ?

ಒಂದೂವರೆ–ಎರಡು ವರ್ಷದ ಹೊತ್ತಿಗೆ ಎರಡು ತಾಸು ಒಣಗಿರುವುದು, ಮೂಲೆಗೆ ಹೋಗಿ ಕೂರುವುದು, "ಉಚ್ಚಿ" ಎನ್ನುವುದು ಕಂಡರೆ ಶುರುಮಾಡಬಹುದು. ಅದಕ್ಕೂ ಮುಂಚೆ ನಮ್ಮ ಅಜ್ಜಿಯರು ಕೂಸಿಗೆ ಕತ್ತು ನಿಂತ ಮೇಲೆ ತಮ್ಮ ಎರಡು ಪಾದದ ಮೇಲೆ ಕೂಡಿಸಿಕೊಂಡು, ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಮೇಲೆ, "ಶ್ಶ್ಶ್" ಎಂದು ಉಚ್ಚೆ ಹೊಯ್ಯಿಸುತ್ತಿದ್ದರು. ಆಗದಿದ್ದರೆ ಎರಡು ನಿಮಿಷಕ್ಕೆ ಬಿಟ್ಟುಬಿಡುತ್ತಿದ್ದರು, ಬೈಯುತ್ತಿರಲಿಲ್ಲ. ಬೆಳಗಿನ ಒಂದು ಸಲ ಹೀಗೆ ಕೂಡಿಸಿದರೂ ದಿನಕ್ಕೊಂದು ಬಟ್ಟೆ ಉಳಿಯುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ ಕಲಿಯಿರಿ. ರಾತ್ರಿ ಒಣಗಿರಲು ಇನ್ನೂ ಒಂದೆರಡು ವರ್ಷ ಹಿಡಿಯಬಹುದು, ಅದಕ್ಕೆ ಅವಸರ ಮಾಡಬೇಡಿ.